ಕಚ್ಚಿದ ಮೇಲೆ ನಾಯಿ ಯಾರದ್ದು

ಈಗ ನಾನು ಬೆಳಿಗ್ಗೆ ಡೈರಿಗೆ ಹೊರಟರೆ ಬಲಗೈಯಲ್ಲಿ ಹಾಲಿನ ಕ್ಯಾನು, ಎಡಗೈಯಲ್ಲಿ ಸರಪಳಿ, ಸರಪಳಿಯ ತುದಿಯಲ್ಲಿ ನಮ್ಮ ನಾಯಿ. ಕೊಪ್ಪದ ನಮ್ಮ ಬೀದಿಯಲ್ಲಿ ನಾಯಿಗೆ ಬೆಲ್ಟು ಕಟ್ಟಿ ನಡೆಸಿಕೊಂಡು ಹೋಗುವ ಮನುಷ್ಯ ನಾನೊಬ್ಬನೇ. ಶುರುವಿನಲ್ಲಿ ಜನಕ್ಕೆ ಅದೊಂದು ತಮಾಷೆಯಾಗಿತ್ತು. "ಏನಣ್ಣ, ಅಸ ಬುಟ್ಟು ನಾಯಿ ಮೇಸಕ್ಕೆ ಒಂಟ್ಯಾ" ಎಂದು ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದರು. ಮೊದಲಿನ ನಾನಾಗಿದ್ದರೆ ಕ್ಯಾನು ಕೆಳಗಿಟ್ಟು ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ಈಗ ನಕ್ಕು ಮುಂದೆ ಹೋಗುತ್ತೇನೆ. ಹಾಗೆ ನಗಲು ಸಾಧ್ಯವಾಗಿದೆ ಎನ್ನುವುದೇ ನನಗೆ ದೊಡ್ಡ ಸಮಾಧಾನ.

ನಾನು ಮದ್ದೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಊರಲ್ಲಿ ಒಂದಿಷ್ಟು ಗದ್ದೆ, ಕರೆಯುವ ಒಂದು ಹಸು. ಬಾಯಿ ಸ್ವಲ್ಪ ಜೋರು, ಅದು ನನಗೂ ಗೊತ್ತು, ಊರಿಗೂ ಗೊತ್ತು. ನಾಲ್ಕು ವರ್ಷದ ಹಿಂದೆ ಗದ್ದೆಯ ಬದುವಿನಲ್ಲಿ ಕುಂಯ್‌ಗುಡುತ್ತಿದ್ದ ಒಂದು ಕಂದು ಮರಿ ನನ್ನ ಹಿಂದೆಯೇ ಮನೆಗೆ ಬಂತು. ಹೆಂಡತಿ ಒಂದು ಬೊಗಸೆ ಹಾಲನ್ನ ಹಾಕಿದಳು. ಅಷ್ಟೇ, ಉಳಿದುಕೊಂಡಿತು. ಅದಕ್ಕೆ ನಾವು ಹೆಸರಿಡಲಿಲ್ಲ. "ಏಯ್" ಎಂದರೆ ಬರುತ್ತಿತ್ತು, "ಏಯ್" ಎಂದು ಸ್ವಲ್ಪ ಗಟ್ಟಿಯಾಗಿ ಅಂದರೆ ಹೋಗುತ್ತಿತ್ತು. ಕೊರಳಿಗೆ ಬೆಲ್ಟಿಲ್ಲ, ಒಂದು ದಿನವೂ ಕಟ್ಟಿದ್ದಿಲ್ಲ. ಪಶು ಆಸ್ಪತ್ರೆಯವರು ನಾಯಿಗಳಿಗೆ ಸೂಜಿ ಹಾಕುತ್ತೇವೆ ಎಂದು ಊರಿಗೆ ಬಂದಾಗ, ಇದನ್ನು ಹಿಡಿದು ಕೂರಿಸುವುದು ಯಾರು ಎಂದು ನಾನು ಆ ಕಡೆ ತಲೆಯನ್ನೇ ಹಾಕಲಿಲ್ಲ.

ಅದು ಮೊಪೆಡ್ಡುಗಳನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಸವಾರ ಎರಡೂ ಕಾಲು ಮೇಲೆತ್ತಿಕೊಂಡು ಓಲಾಡುತ್ತ ಹೋಗುವುದನ್ನು ಜಗಲಿಯ ಮೇಲೆ ಕೂತು ನೋಡುವುದು ನನಗೆ ಒಂದು ಖುಷಿ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೂ ಆಗ ಖುಷಿಯಾಗುತ್ತಿದ್ದದ್ದು ನಿಜ. ಯಾರಾದರೂ ದೂರಿದರೆ ನನ್ನ ಹತ್ತಿರ ಒಂದೇ ಉತ್ತರ: "ಅದೇನೂ ಮಾಡಾಕಿಲ್ಲ ಬುಡಿ." ನಾಯಿ ಸಾಕಿದವರೆಲ್ಲ ಆಡುವ ಮಾತು ಇದು. ಏನೂ ಮಾಡುವುದಿಲ್ಲ ಎಂದು ಆ ನಾಯಿ ನಮಗೆ ಯಾವತ್ತು ಬರೆದುಕೊಟ್ಟಿತ್ತು ಎಂದು ನಾವು ಯಾರೂ ಯೋಚಿಸುವುದಿಲ್ಲ.

ಎದುರು ಮನೆಯ ಸೊಸೆ ನನಗೆ ಮೂರು ಸಲ ಹೇಳಿದ್ದಳು. ಅವಳ ಗಂಡ ಕಬ್ಬಿನ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಅಪರೂಪ. ಅತ್ತೆ, ಸೊಸೆ, ಐದು ತಿಂಗಳ ಒಂದು ಹೆಣ್ಣು ಕೂಸು, ಇಷ್ಟೇ ಮನೆ. ಅತ್ತೆಯನ್ನು ನಾನು ಚಿಕ್ಕಂದಿನಿಂದ ದೊಡ್ಡವ್ವ ಎಂದೇ ಕರೆಯುವುದು, ಹಾಗಾಗಿ ಸೊಸೆಗೆ ನಾನು ಭಾವ. "ಭಾವ, ಮೊಗೀನ ಎತ್ಕೊಂಡು ಬೀದಿಗೆ ಬರಕ್ಕೆ ಭಯ ಆಯ್ತದೆ. ಬೆಳಿಗ್ಗೆ ಒಂದೊತ್ತಾದ್ರೂ ನಾಯ್ನ ಕಟ್ಟಾಕಿ" ಎಂದಿದ್ದಳು. ಮೂರನೆಯ ಸಲ ಹೇಳಿದಾಗ ನಾನು, "ನೀನು ಎದರ್ಕಂಡ್ರೆ ಅದು ಇನ್ನೂ ಬೊಗಳ್ತದೆ ಕಣವ್ವ, ಸುಮ್ಕೆ ನಡ್ಕಂಡು ಓಗು" ಎಂದು ಅವಳಿಗೇ ಬುದ್ಧಿ ಹೇಳಿ ಕಳಿಸಿದ್ದೆ.

ನಮ್ಮ ಡೈರಿಯಲ್ಲಿ ಒಂದು ಅಭ್ಯಾಸ. ಪ್ರತಿಯೊಬ್ಬರ ಹಾಲಿನಿಂದಲೂ ಪರೀಕ್ಷೆಗೆಂದು ಒಂದು ಸಣ್ಣ ಲೋಟದಷ್ಟು ತೆಗೆಯುತ್ತಾರೆ. ಮೆಷಿನ್ನಿಗೆ ಹಿಡಿದು ಉಳಿದ ಚೂರನ್ನು ಕಾರ್ಯದರ್ಶಿ ಕಿಟಕಿಯಿಂದ ಹೊರಗಿನ ಕಲ್ಲುಬಾನಿಗೆ ಚೆಲ್ಲುತ್ತಾನೆ. ಅದು ಊರ ನಾಯಿಗಳಿಗೆ. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ. ನಮ್ಮ ನಾಯಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲವಾದರೂ ಆ ಎರಡು ಹೊತ್ತುಗಳನ್ನು ಅದು ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಜೊತೆಯೇ ಹೋಗಿ, ಕುಡಿದು, ನನ್ನ ಜೊತೆಯೇ ಬರುತ್ತಿತ್ತು.

ಆ ದಿನ ಬೆಳಿಗ್ಗೆ ಡೈರಿಯ ಮುಂದೆ ಇಪ್ಪತ್ತು ಜನ ಸಾಲಾಗಿ ನಿಂತಿದ್ದೆವು. ಸೊಸೆ ನನಗಿಂತ ನಾಲ್ಕು ಜನ ಮುಂದಿದ್ದಳು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು, ಸದ್ಯ. ಎಲ್ಲಿಂದಲೋ ಬಂದ ಒಂದು ಕರಿ ನಾಯಿ ಬಾನಿಗೆ ಬಾಯಿ ಹಾಕಿತು. ನಮ್ಮದು ಅದರ ಮೇಲೆ ಬಿತ್ತು. ಎರಡೂ ಕಚ್ಚಾಡಿಕೊಂಡು ಉರುಳುತ್ತ ಸಾಲಿನೊಳಕ್ಕೇ ನುಗ್ಗಿದವು. ಜನ ಹಿಂದೆ ಸರಿದರು, ಅವಳು ಸರಿಯುವಷ್ಟರಲ್ಲಿ ನಮ್ಮ ನಾಯಿ ತಿರುಗಿ ಅವಳ ಮೀನಖಂಡಕ್ಕೆ ಬಾಯಿ ಹಾಕಿಬಿಟ್ಟಿತು. ಕ್ಯಾನು ಕೈಯಿಂದ ಜಾರಿ ಹಾಲೆಲ್ಲ ನೆಲದ ಪಾಲಾಯಿತು. ಸೀರೆ ಸರಿಸಿದರೆ ಎರಡು ಹಲ್ಲಿನ ಗುರುತು, ರಕ್ತ.

ಕಾರ್ಯದರ್ಶಿ ಹೊರಗೆ ಬಂದು ನಲ್ಲಿಯ ಕೆಳಗೆ ಅವಳ ಕಾಲಿಟ್ಟು ಸೋಪು ಹಾಕಿ ತೊಳೆಸಿದ. ತೊಳೆಸುತ್ತಲೇ, "ಯಾರ್ದ್ಲಾ ಈ ನಾಯಿ" ಎಂದ. ಯಾರದ್ದೆಂದು ಅವನಿಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಅದಕ್ಕೆ ಹಾಲು ಚೆಲ್ಲುತ್ತಿದ್ದವನೇ ಅವನು. ನಾನೇ ಬಾಯಿಬಿಟ್ಟು ಹೇಳಲಿ ಎಂದು ಕೇಳಿದ್ದಿರಬೇಕು.

ನಾನು ಹೇಳಿದೆ: "ನಮ್ದಲ್ಲ ಕನಪ್ಪ. ಬೀದಿ ನಾಯಿ ಅದು. ಒಂದೊಂದು ದಿನ ನಮ್ಮನೆ ತಾವ ಬತ್ತದೆ, ಅಷ್ಟೇಯ."

ನಾನು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನಾಯಿ ಬಂದು ನನ್ನ ಕಾಲಿನ ಹತ್ತಿರ ಕೂತು, ಚಪ್ಪಲಿಯ ಮೇಲೆ ಬಿದ್ದಿದ್ದ ಹಾಲನ್ನು ನೆಕ್ಕತೊಡಗಿತು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೊಸೆ ನಗಲಿಲ್ಲ, ಅಳಲೂ ಇಲ್ಲ. ನನ್ನ ಮುಖ ನೋಡಿ "ಭಾವ" ಎಂದಳು.

ನಮ್ಮ ಕಡೆ ಕಚ್ಚುವ ತನಕ ಪ್ರತಿ ನಾಯಿಗೂ ಒಂದು ಮನೆ ಇರುತ್ತದೆ, ಕಚ್ಚಿದ ಮೇಲೆ ಯಾವ ನಾಯಿಗೂ ಮನೆ ಇರುವುದಿಲ್ಲ. ನಮ್ಮಪ್ಪ ಹಾಗೆ ಹೇಳಿದ್ದನ್ನು ಕೇಳಿದ್ದೇನೆ, ನಮ್ಮಜ್ಜನೂ ಹೇಳಿರಬೇಕು. ಜಗಳ, ಪಂಚಾಯ್ತಿ, ಆಸ್ಪತ್ರೆ ಎಲ್ಲ ಕಣ್ಣ ಮುಂದೆ ಬಂದು ನಾಲಿಗೆ ತಾನಾಗಿಯೇ ಆಡಿಬಿಟ್ಟಿತು. ಹೆದರಿಕೆಗೆ ಆಡಿದ ಸುಳ್ಳು, ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಅವಳನ್ನು ಮದ್ದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಾಯದ ಸುತ್ತ, ತೋಳಿಗೆ, ಸೂಜಿಗಳಾದವು. ಸಾಕಿದ ನಾಯಿಯೋ ಬೀದಿ ನಾಯಿಯೋ ಎಂದು ಡಾಕ್ಟರು ಕೇಳಿದ್ದಕ್ಕೆ ಅವಳು, "ಬೀದಿ ನಾಯಿ ಅಂತಾವ್ರೆ" ಎಂದಳಂತೆ. ಹಾಗೆಯೇ ಚೀಟಿಯಲ್ಲಿ ಬರೆದರು. ನನ್ನ ಸುಳ್ಳು ಈಗ ಸರ್ಕಾರಿ ಆಸ್ಪತ್ರೆಯ ಚೀಟಿಯಲ್ಲೂ ಸೇರಿಕೊಂಡಿತು.

ಇತ್ತ ಮಧ್ಯಾಹ್ನದ ಹೊತ್ತಿಗೆ, ಕಚ್ಚಿದ ನಾಯಿಯನ್ನು ಹೊಡೆದು ಹಾಕಬೇಕು ಎಂದು ಬೀದಿಯಲ್ಲಿ ಮಾತು ಶುರುವಾಯಿತು. ಬೀದಿ ನಾಯಿ ಎಂದ ಮೇಲೆ ಬೇಡ ಎನ್ನಲು ನನಗೆ ಯಾವ ಹಕ್ಕಿತ್ತು? ಹೆಂಡತಿ ಒಳಗೆ ಅನ್ನಕ್ಕಿಟ್ಟಿದ್ದಳು. ನಾನು ಅವಳಿಗೂ ಹೇಳದೆ ನಾಯಿಯನ್ನು ಮೊಪೆಡ್ಡಿನ ಮುಂದೆ, ಬೂಸಾ ಮೂಟೆ ಇಡುವ ಜಾಗದಲ್ಲಿ ಕೂರಿಸಿಕೊಂಡು ಹೊರಟುಬಿಟ್ಟೆ. ಮದ್ದೂರು ದಾಟಿ, ಮಳವಳ್ಳಿ ದಾಟಿ, ಹಲಗೂರಿನ ಪಕ್ಕದಲ್ಲಿರುವ ನನ್ನ ತಂಗಿಯ ಊರಿಗೆ. ಮೊಪೆಡ್ಡುಗಳನ್ನು ಅಟ್ಟುತ್ತಿದ್ದ ನಾಯಿ ಮೊಪೆಡ್ಡಿನ ಮೇಲೆ ಕಿವಿ ಹಾರಿಸಿಕೊಂಡು ಬಲು ಗಂಭೀರವಾಗಿ ಕೂತಿತ್ತು.

"ಇದ್ಯಾಕಣ್ಣ ಇಲ್ಲಿಗೆ ತಂದೆ" ಎಂದು ತಂಗಿ ಕೇಳಿದಳು.

"ನಿಮ್ಮ ಒಲಕ್ಕೆ ಕಾಡಂದಿ ನುಗ್ತವೆ ಅಂತಿದ್ದಲ್ಲ. ಕಾಯ್ಕಂಡಿರ್ಲಿ" ಎಂದೆ. ಒಂದೇ ದಿನದಲ್ಲಿ ಎರಡನೆಯ ಸುಳ್ಳು. ಅವಳು ನಂಬಿ, ತೆಂಗಿನ ನಾರಿನ ಹಗ್ಗದಲ್ಲಿ ಅದನ್ನು ಪಂಪ್‌ಸೆಟ್ಟಿನ ಮನೆಗೆ ಕಟ್ಟಿದಳು. ವಾಪಸು ಬರುವಾಗ ನನಗೆ ನಿಜಕ್ಕೂ ಎದೆಯ ಮೇಲಿನ ಭಾರ ಇಳಿದ ಹಾಗಿತ್ತು. ನಾಯಿ ಉಳಿಯಿತು, ಜಗಳ ತಪ್ಪಿತು, ಎರಡು ವಾರ ಕಳೆದರೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡೆ.

ಸಂಜೆ ಮನೆಗೆ ಬಂದಾಗ ಎದುರು ಮನೆಯಲ್ಲಿ ಕೂಸು ಅಳುತ್ತಿತ್ತು. ಕೂಸು ಅಳುವುದು ಹೊಸದಲ್ಲ, ಆದರೆ ಇದು ನಿಲ್ಲುವ ಅಳುವಾಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಮ್ಮೂರಿನ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಜಗಲಿಯ ಮೇಲೆ ಕೂತು ಅತ್ತಿತ್ತ ನೋಡಿ, "ಅಣ್ಣ, ನಾಯಿ ಎಲ್ಲದೆ" ಎಂದಳು.

"ಯಾವ ನಾಯಿ" ಎಂದೆ.

ಅವಳು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅತ್ತು ದಿನ ಆ ನಾಯ್ನ ಕಣ್ಣಲ್ಲೇ ಮಡೀಕಬೇಕಂತೆ, ಡಾಕ್ಟ್ರು ಯೋಳವ್ರೆ. ಅತ್ತು ದಿನ ಅದು ಉಂಡ್ಕಂಡು ತಿನ್ಕಂಡು ಚೆನ್ನಾಗಿದ್ರೆ, ಕಚ್ಚಿದಾಗ ಅದಕ್ಕೆ ಉಚ್ಚು ಇಡ್ದಿರ್ಲಿಲ್ಲ ಅಂತ ಅರ್ಥ. ಸೂಜಿ ಎಂಗೂ ಆಯ್ತಾ ಅವೆ, ಆದ್ರೆ ಅವ್ಳಿಗೆ ಸಮಾದಾನ ಇಲ್ಲ. ನೆನ್ನೆಯಿಂದ ಮೊಗೀಗೆ ಎದೆಹಾಲು ಕೊಟ್ಟಿಲ್ಲ."

ದೊಡ್ಡವ್ವ ಚಿಕ್ಕ ಹುಡುಗಿಯಾಗಿದ್ದಾಗ ಹುಚ್ಚು ನಾಯಿ ಕಚ್ಚಿದ ಒಬ್ಬರು ಸತ್ತದ್ದನ್ನು ಕಣ್ಣಾರೆ ನೋಡಿದ್ದಳಂತೆ. ವಿಷ ಹಾಲಿನಲ್ಲಿ ಕೂಸಿಗೆ ಇಳಿಯುತ್ತದೆ ಎಂದು ಸೊಸೆಗೆ ಹೇಳಿಬಿಟ್ಟಿದ್ದಳು. ಡಾಕ್ಟರು ಹಾಗೇನಿಲ್ಲ, ಕುಡಿಸಬಹುದು ಎಂದರೂ, ಆಶಾ ಕಾರ್ಯಕರ್ತೆ ಎಷ್ಟು ಹೇಳಿದರೂ ಸೊಸೆ ಒಪ್ಪುತ್ತಿರಲಿಲ್ಲ. "ನಾಯಿ ಬದ್ಕಿ ಅದೆ ಅಂತ ತೋರ್ಸಿ, ಆಮೇಲೆ ಕುಡುಸ್ತೀನಿ" ಎಂದು ಹಟ ಹಿಡಿದಿದ್ದಳು. ಎದೆ ಕಟ್ಟಿಕೊಂಡು ನೋವು ತಡೆಯಲಾರದೆ ಹಾಲನ್ನು ಹಿಂಡಿ ಬಚ್ಚಲಿಗೆ ಚೆಲ್ಲುತ್ತಿದ್ದಳು. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯ ಕೊಕ್ಕಿನಿಂದ ಬಾಯಿಗೆ ಬಿಟ್ಟರೆ ಕೂಸು ಉಗಿಯುತ್ತಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾಯಿ ನೆನ್ನೆಯಿಂದ ಕಾಣದ್ದು ಅವಳಿಗೂ ಗೊತ್ತಿತ್ತು. "ಎಲ್ಲಿ ಬುಟ್ಟು ಬಂದ್ರಿ, ಯೋಳಿ" ಎಂದಳು. ದನಿ ಏರಿಸಲಿಲ್ಲ. ಅವಳು ದನಿ ಏರಿಸದಿದ್ದಾಗ ನನಗೆ ಹೆಚ್ಚು ಭಯ.

ಹೇಳಿದೆ. ನಾಯಿ ನಮ್ಮದೇ, ತಂಗಿಯ ಊರಲ್ಲಿದೆ, ಮಧ್ಯಾಹ್ನದೊಳಗೆ ತಂದು ನಿಲ್ಲಿಸುತ್ತೇನೆ ಎಂದೆ. ಆಶಾ ಕಾರ್ಯಕರ್ತೆಯ ಮುಂದೆಯೇ ತಂಗಿಗೆ ಫೋನು ಮಾಡಿದೆ. ಅವಳು, "ಅಯ್ಯೋ, ಬೆಳಿಗ್ಗೆ ನೋಡುದ್ರೆ ಅಗ್ಗ ಕಡ್ಕೊಂಡು ಓಗ್ಬುಟ್ಟದೆ ಕನಣ್ಣ. ನಾನೇ ನಿಂಗೆ ಮಾಡವಾ ಅಂತಿದ್ದೆ" ಎಂದಳು.

ನಾಯಿ ಎಲ್ಲಾದರೂ ಲಾರಿಗೆ ಸಿಕ್ಕಿ ಸತ್ತರೆ ಅದು ಹುಚ್ಚಿನಿಂದ ಸತ್ತಿತೋ ಲಾರಿಯಿಂದ ಸತ್ತಿತೋ ಎಂದು ಎದುರು ಮನೆಯ ಸೊಸೆಗೆ ಯಾರು ಹೇಳುವುದು? ಸಿಗದೇ ಹೋದರೆ ಅವಳು ತಿಂಗಳುಗಟ್ಟಲೆ ಆ ಭಯದಲ್ಲೇ ಇರಬೇಕು, ಕೂಸು ಆ ಭಯದ ಪಕ್ಕದಲ್ಲೇ ಬೆಳೆಯಬೇಕು. ಊರಲ್ಲಿ ಕಟ್ಟಿಹಾಕಿದ್ದರೆ ಸಾಕಿತ್ತು. ನಾನು ಬುದ್ಧಿವಂತಿಕೆ ಮಾಡಲು ಹೋಗಿ ಅದನ್ನು ಅಷ್ಟು ದೂರ ಒಯ್ದಿದ್ದೆ.

ಆಫೀಸಿಗೆ ರಜೆ ಹೇಳಿ ಹಲಗೂರಿಗೆ ಹೋದೆ. ಆ ದಿನ, ಮಾರನೆಯ ದಿನ, ಬೆಳಗಿನಿಂದ ಬೈಗಿನ ತನಕ ಹುಡುಕಿದೆ. ಕಬ್ಬಿನ ಗದ್ದೆಗಳ ಮಧ್ಯೆ ನಿಂತು ಕರೆಯೋಣವೆಂದರೆ ಹೆಸರಿಲ್ಲ. "ಏಯ್" ಎಂದು ಕೂಗಿದರೆ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿ, "ಯಾರ್ನಪ್ಪ ಕೂಗ್ತಾ ಇದ್ದೀಯ" ಎನ್ನುತ್ತಿದ್ದರು. ಹಲಗೂರಿನ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವನು ಒಳ್ಳೆಯ ಮನುಷ್ಯ, ಲೋಟ ತೊಳೆಯುತ್ತ ಒಂದೊಂದಾಗಿ ಕೇಳಿದ.

"ಜಾತಿ ನಾಯಾ?"

"ಅಲ್ಲ, ನಾಟಿ."

"ಕೊಳ್ಳಲ್ಲಿ ಬೆಲ್ಟ್ ಅದಾ?"

"ಇಲ್ಲ."

"ಎಸ್ರೇನು?"

"ಎಸ್ರು ಮಡಗಿಲ್ಲ."

"ಸೂಜಿ ಗೀಜಿ ಆಕ್ಸಿದ್ರಾ?"

"ಇಲ್ಲ."

ಅವನು ಲೋಟ ಕವುಚಿಟ್ಟು ನನ್ನನ್ನು ನೋಡಿದ. "ಮತ್ತೆ ಅದು ನಿಮ್ದು ಅಂತ ಎಂಗ್ ಯೋಳ್ತೀರಿ ಸಾ" ಎಂದ. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಲು. ಡೈರಿಯ ಮುಂದೆ ಇಪ್ಪತ್ತು ಜನರ ಎದುರು ನಮ್ಮದಲ್ಲ ಎಂದು ಹೇಳಲು ಒಂದು ಗಳಿಗೆ ಹಿಡಿಯಲಿಲ್ಲ. ಇಲ್ಲಿ ನಮ್ಮದು ಎಂದು ಹೇಳಲು ನನ್ನ ಕೈಯಲ್ಲಿ ಒಂದು ಪುರಾವೆಯೂ ಇರಲಿಲ್ಲ. ಟೀ ಕುಡಿಯದೆ ಎದ್ದು ಬಂದೆ.

ಪ್ರತಿ ಸಂಜೆ ಹೆಂಡತಿ ಫೋನು ಮಾಡುತ್ತಿದ್ದಳು. "ಸಿಕ್ತಾ" ಎನ್ನುತ್ತಿದ್ದಳು. ನಾನು ಇಲ್ಲ ಎನ್ನುವಾಗ ಅವಳ ಹಿಂದುಗಡೆಯಿಂದ ಕೂಸಿನ ಅಳು ಕೇಳಿಸುತ್ತಿತ್ತು.

ಕಚ್ಚಿದ ನಾಲ್ಕನೆಯ ದಿನ ಸಂಜೆ ತಂಗಿಯ ಮನೆಯ ಮುಂದೆ ಸುಸ್ತಾಗಿ ಕೂತಿದ್ದೆ. ಇನ್ನು ಹುಡುಕುವ ಜಾಗವೇ ಉಳಿದಿಲ್ಲ ಅನ್ನಿಸಿತ್ತು. ತಂಗಿ ಹಾಲು ಕರೆದು ಕ್ಯಾನು ಹಿಡಿದು ಹೊರಟಳು. "ಎಲ್ಲಿಗೆ" ಎಂದೆ, ಸುಮ್ಮನೆ ಏನಾದರೂ ಮಾತಾಡಬೇಕೆಂದು. "ಎಲ್ಲಿಗೆ ಅಂದ್ರೆ? ಡೈರಿಗೆ" ಎಂದಳು.

ನನಗೆ ಆಗ ಹೊಳೆಯಿತು. ಮೂರು ದಿನ ನಾನು ಗದ್ದೆ, ತೋಟ, ಮಾಂಸದಂಗಡಿ, ಬಸ್ ನಿಲ್ದಾಣ ಎಲ್ಲ ಸುತ್ತಿದ್ದೆ. ಹಾಲಳೆಯುವ ಹೊತ್ತಿಗೆ ಡೈರಿಯ ಮುಂದೆ ನಿಂತು ನೋಡಿರಲಿಲ್ಲ. ತಂಗಿಯ ಊರಿನ ಡೈರಿಗೆ ಓಡಿದೆ, ಅಲ್ಲಿ ಇರಲಿಲ್ಲ. ಮೊಪೆಡ್ ಹತ್ತಿ ಪಕ್ಕದ ಊರಿಗೆ ಹೋದೆ, ಅಲ್ಲೂ ಇರಲಿಲ್ಲ. ಅಲ್ಲಿಂದ ಮಳವಳ್ಳಿಯ ದಾರಿಯಲ್ಲಿ ಸಿಗುವ ಮೂರನೆಯ ಊರಿಗೆ ಹೋಗುವ ಹೊತ್ತಿಗೆ ಹಾಲು ಹಾಕುವವರು ಕೊನೆಯ ಏಳೆಂಟು ಜನ ಉಳಿದಿದ್ದರು. ಆ ಸಾಲಿನ ಪಕ್ಕದಲ್ಲಿ, ಎಲ್ಲರ ಹಾಗೆ ತನ್ನ ಸರದಿಗೆ ಕಾಯುತ್ತ, ನಮ್ಮ ನಾಯಿ ಕೂತಿತ್ತು.

"ಏಯ್" ಎಂದೆ. ಅದು ತಿರುಗಿ ನೋಡಿತು, ಬಾಲ ಆಡಿಸಿತು, ಆದರೆ ಎದ್ದು ಬರಲಿಲ್ಲ. ಅದರ ಸರದಿ ಇನ್ನೂ ಬಂದಿರಲಿಲ್ಲ.

ಆ ಡೈರಿಯವರು ಉಳಿದ ಹಾಲನ್ನು ಒಂದು ತೆಂಗಿನ ಚಿಪ್ಪಿಗೆ ಸುರಿದರು. ನಾಯಿ ಚಿಪ್ಪು ಒರೆಸಿದಂತೆ ಕುಡಿಯಿತು. ನಾನು ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅದು ಕುಡಿಯುವುದನ್ನು ನೋಡಿದೆ. ಇಷ್ಟು ಚೆನ್ನಾಗಿ ಕುಡಿಯುತ್ತದೆಯಲ್ಲ ಎಂದು ಕಣ್ಣಲ್ಲಿ ನೀರು ಬಂತು. "ನಿಮ್ದಾ? ಎಲ್ಡು ದಿನದಿಂದ ಬತ್ತಾ ಅದೆ" ಎಂದ ಅಲ್ಲಿಯ ಒಬ್ಬ. "ನಮ್ದು" ಎಂದೆ. ಕೇಳದವರಿಗೂ ಇನ್ನೊಂದು ಸಲ ಹೇಳಿದೆ, ನಮ್ಮದು, ಕೊಪ್ಪದಿಂದ ಬಂದದ್ದು, ನಾನೇ ಸರಿಯಾಗಿ ಕಟ್ಟಲಿಲ್ಲ ಎಂದು. ಅವರಿಗೆ ಅಷ್ಟೆಲ್ಲ ಬೇಕಾಗಿರಲಿಲ್ಲ.

ಅಲ್ಲಿಂದಲೇ ನಾಯಿಯ ವಿಡಿಯೋ ಮಾಡಿ ಹೆಂಡತಿಗೆ ಕಳಿಸಿದೆ. ಅವಳು ಓಡಿಹೋಗಿ ಎದುರು ಮನೆಯಲ್ಲಿ ತೋರಿಸಿದಳು. ಸ್ವಲ್ಪ ಹೊತ್ತಿಗೆ ಫೋನು ಬಂತು. ಸೊಸೆ ನೋಡಿದಳಂತೆ. ನೋಡಿ, "ಇದು ಅದೇ ನಾಯಿ ಅಂತ ಎಂಗ್ ನಂಬ್ಲಿ ಅಕ್ಕ. ಅವತ್ತು ಅವ್ರದಲ್ಲ ಅಂದ್ರು. ಇವತ್ತು ಬ್ಯಾರೆ ನಾಯಿ ತೋರ್ಸಿ ಇದೇಯ ಅಂದ್ರೆ?" ಎಂದಳಂತೆ. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವಳು ಕೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಮಳವಳ್ಳಿಯಲ್ಲಿ ಒಂದು ಅಂಗಡಿ ಇನ್ನೂ ತೆಗೆದಿತ್ತು. ಒಂದು ಬೆಲ್ಟು, ಒಂದು ಸರಪಳಿ ಕೊಂಡೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅದರ ಕೊರಳಿಗೆ ಏನನ್ನಾದರೂ ಕಟ್ಟಿದ್ದು. ಕೊಡವಿತು, ಎರಡು ಸಲ ಕಾಲಿನಿಂದ ಕೆರೆಯಿತು, ಆಮೇಲೆ ಸುಮ್ಮನಾಯಿತು. ಇಷ್ಟು ಸುಲಭದ ಕೆಲಸವನ್ನು ಇಷ್ಟು ವರ್ಷ ಮಾಡದೆ ಬಿಟ್ಟಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಸರಪಳಿ ಹಿಡಿದು ಎದುರು ಮನೆಯ ಮುಂದೆ ಹೋಗಿ ನಿಂತೆ. ಸೊಸೆ ಬಾಗಿಲಿಗೆ ಬಂದಳು. ಮುಖ ಇಳಿದುಹೋಗಿತ್ತು. ನಾಯಿಯನ್ನು ಬಹಳ ಹೊತ್ತು ನೋಡಿದಳು, ಮಡಚಿದ ಕಿವಿ, ಬಾಲದ ತುದಿಯ ಬಿಳಿ, ಎಲ್ಲ. "ಅದೇಯ" ಎಂದಳು.

"ನಮ್ದೇ ಕಣವ್ವ. ಅವತ್ತು ಸುಳ್ಳು ಯೋಳ್ದೆ. ನಂದು ತಪ್ಪಾಯ್ತು" ಎಂದೆ. ಬೀದಿಯ ನಾಲ್ಕು ಜನ ನಿಂತಿದ್ದರು, ಅವರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

ಒಳಗಿನಿಂದ ದೊಡ್ಡವ್ವ ಬಂದಳು. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ನಿನ್ನ ತಪ್ಪು ಒಪ್ಪು ಕಟ್ಕೊಂಡು ನಾನೇನ್ ಮಾಡ್ಲಾ. ಆ ನಾಯ್ನ ಇಲ್ಲೇ ಕಟ್ಟು, ನಮ್ಮ ಬಾಗ್ಲಲ್ಲಿ. ನಿಮ್ಮನೇಲಿ ಬ್ಯಾಡ. ನಾಳಿಕೆ ನೀನು ಇನ್ನೆಲ್ಗೆ ಒತ್ಕೊಂಡೋಯ್ತೀಯೋ ಯಾರ್ ಕಂಡವ್ರೆ" ಎಂದಳು.

ಹೀಗೆ, ಕಚ್ಚಿದ ನಾಯಿ ಕಚ್ಚಿಸಿಕೊಂಡವಳ ಮನೆಯ ಮುಂದಿನ ಕಂಬದಲ್ಲಿ ಐದು ದಿನ ಇತ್ತು. ಸರಪಳಿ ಬಾಗಿಲ ತನಕ ಎಟುಕದಷ್ಟು ಗಿಡ್ಡ. ನಾನು ದಿನಕ್ಕೆ ಮೂರು ಹೊತ್ತು ಮುದ್ದೆ, ಹಾಲು, ನೀರು ಹೊತ್ತು ಬೀದಿ ದಾಟುತ್ತಿದ್ದೆ. ಅದು ಕಟ್ಟಿದ ಜಾಗವನ್ನು ನಾನೇ ಗುಡಿಸಿ ತೊಳೆಯುತ್ತಿದ್ದೆ. ಊರೆಲ್ಲ ನೋಡುತ್ತಿತ್ತು. ನಾಯಿ ಉಣ್ಣುವ ಪ್ರತಿ ಹೊತ್ತೂ ಸೊಸೆ ಹೊಸ್ತಿಲಿನ ಒಳಗೆ ನಿಂತು, ತಟ್ಟೆ ಖಾಲಿಯಾಗುವ ತನಕ ನೋಡಿ ಒಳಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಬಿಸಿಲಿಗೋ ಏನೋ ನಾಯಿ ಮುದ್ದೆಯನ್ನು ಮೂಸಿ ಹಾಗೆಯೇ ಮಲಗಿಬಿಟ್ಟಿತು. ಅವಳು ಗೋಡೆ ಹಿಡಿದುಕೊಂಡಳು. ನಾನು ಅದರ ಪಕ್ಕದಲ್ಲಿ ಕೂತು, "ತಿನ್ನೋ ಮಾರಾಯ" ಎಂದು ಮುದ್ದೆ ಮುರಿದು ಅದರ ಬಾಯಿಗೆ ಹಿಡಿದೆ. ಅರ್ಧ ಗಂಟೆಯ ಮೇಲೆ ಎದ್ದು ತಿಂದಿತು. ಆ ಅರ್ಧ ಗಂಟೆಯಲ್ಲಿ ನಾನು ಹರಸಿಕೊಳ್ಳದ ದೇವರಿಲ್ಲ.

ಇದರ ನಡುವೆ ಇನ್ನೊಂದಾಯಿತು. ಏಳನೆಯ ದಿನದ ಹೊತ್ತಿಗೆ ಕೂಸಿನ ಅಳು ಕಡಿಮೆಯಾಯಿತು. ನಾನು ಸಂತೋಷಪಟ್ಟೆ. ಆಶಾ ಕಾರ್ಯಕರ್ತೆ ನನಗೆ ಮೆಲ್ಲಗೆ ಹೇಳಿದಳು, "ಮೊಗ ಒಳಲೆಗೆ ಒಗ್ಗೋಗ್ಬುಟ್ಟದೆ ಅಣ್ಣ. ಅದುಕ್ಕೇ ಅವ್ಳು ಒಬ್ಬಳೇ ಕುಂತು ಅಳ್ತಾ ಅವ್ಳೆ. ಈವಾಗಾದ್ರೂ ಕುಡ್ಸು ಅಂದ್ರೆ, ಅತ್ತು ದಿನ ಆಗ್ಲಿ ಅಂತಾಳೆ. ಅಷ್ಟೊತ್ತಿಗೆ ಮೊಗ ಎದೆ ಮರ್ತುಬುಟ್ರೆ ಏನ್ ಮಾಡದು?" ಅಷ್ಟು ದಿನ ನಾನು ನಾಯಿ ಸಾಯಬಾರದು ಎಂದಷ್ಟೇ ಬೇಡಿಕೊಳ್ಳುತ್ತಿದ್ದೆ. ನಾಯಿ ಬದುಕಿಯೂ ಅವಳಿಂದ ಏನನ್ನೋ ಕಿತ್ತುಕೊಂಡು ಬಿಡಬಹುದು ಎಂದು ಆಗ ತಿಳಿಯಿತು.

ಹತ್ತನೆಯ ದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದಳು. ನನ್ನ ಹೆಂಡತಿಯೂ ನನ್ನ ಜೊತೆ ಬೀದಿ ದಾಟಿ ಬಂದಳು. ನಾಯಿ ಎದ್ದು ಮೈ ಮುರಿದು, ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು, ನೀರು ಕುಡಿದು, ಇನ್ನೂ ಇದೆಯೇ ಎಂಬಂತೆ ನನ್ನ ಮುಖ ನೋಡಿತು. ಆಶಾ ಕಾರ್ಯಕರ್ತೆ ಸೊಸೆಯ ಕಡೆ ತಿರುಗಿ, "ಆಯ್ತು ಕಣವ್ವ, ಅತ್ತು ದಿನ ಆಯ್ತು. ಇದುಕ್ಕೆ ಏನೂ ಇಲ್ಲ. ಉಳಿದ ಸೂಜಿಗೆ ಡಾಕ್ಟ್ರು ಯೋಳ್ದಂಗೆ ಓಗು, ಭಯ ಬುಡು" ಎಂದಳು.

ಸೊಸೆ ಅತ್ತೆಯ ಕೈಯಿಂದ ಕೂಸನ್ನು ಇಸಿದುಕೊಂಡು ಒಳಗೆ ಹೋದಳು. ದೊಡ್ಡವ್ವ ಹಿಂದೆಯೇ ಹೋದಳು. ನಾನು ಕಂಬದಿಂದ ಸರಪಳಿ ಬಿಚ್ಚಿದೆ, ಇನ್ನು ಮನೆಗೆ ಕರೆದೊಯ್ಯಬಹುದಿತ್ತು. ಆದರೂ ಮೂವರೂ ಅಲ್ಲೇ ನಿಂತೆವು.

ಒಳಗಿನಿಂದ ಕೂಸು ಅಳುವುದು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಬೇಡವೆಂದು ತಲೆ ತಿರುಗಿಸುತ್ತಿರುವ ಕೂಸಿನ ಅಳು ಅದು, ಮಕ್ಕಳನ್ನು ಸಾಕಿದವರಿಗೆ ಗೊತ್ತಾಗುತ್ತದೆ. ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡಳು. ಸೊಸೆಯ ದನಿ, "ಬಾ ಕಂದ, ಬಾರವ್ವ" ಎಂದು ಮತ್ತೆ ಮತ್ತೆ. ಎಷ್ಟು ಹೊತ್ತೋ ನನಗೆ ತಿಳಿಯಲಿಲ್ಲ. ಬೀದಿಯಲ್ಲಿ ಕಬ್ಬಿನ ಟ್ರಾಕ್ಟರು ಒಂದು ಬಂದು, ಸದ್ದು ಮಾಡಿಕೊಂಡು ಹೋಯಿತು. ಅದು ಹೋದ ಮೇಲೆ ಕಿವಿಗೊಟ್ಟರೆ ಒಳಗೆ ಸದ್ದೇ ಇರಲಿಲ್ಲ.

ದೊಡ್ಡವ್ವ ಬಾಗಿಲಿಗೆ ಬಂದಳು. ಹತ್ತು ದಿನದಲ್ಲಿ ಮೊದಲ ಸಲ ನನ್ನನ್ನು ಮನುಷ್ಯನನ್ನು ನೋಡುವ ಹಾಗೆ ನೋಡಿದಳು.

"ಇಡ್ಕತು ಕಣ್ಲಾ" ಎಂದಳು. "ಕುಡೀತಾ ಅದೆ."

ನಾನು ಅವರ ಜಗಲಿಯ ಮೇಲೇ ಕುಸಿದು ಕೂತು, ಸರಪಳಿಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು, ಅತ್ತುಬಿಟ್ಟೆ.